ಕಂತು ಮುಂದೂಡಿದರೆ ಅದು ಪರಿಹಾರವೇ? ಸಾಂಕ್ರಾಮಿಕದ ಕಾಲದ ಸರ್ಕಾರಿ ನೆರವಿನ ಲೆಕ್ಕ

ಪ್ರಶ್ನೆ: ನನ್ನದು ಆರು ಮಂದಿ ಕೆಲಸಗಾರರಿರುವ ಸಣ್ಣ ಉದ್ಯಮ. ಕೋವಿಡ್ ಕಾಲದಲ್ಲಿ ಸರ್ಕಾರ ಲಕ್ಷಾಂತರ ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ನನ್ನ ಪಾಲಿಗೆ ಬಂದದ್ದು ಹಳೆಯ ಸಾಲದ ಕಂತಿಗೆ ಆರು ತಿಂಗಳ ಬಿಡುವು ಮತ್ತು ಮೇಲೊಂದು ಹೊಸ ಸಾಲ. ಎರಡನ್ನೂ ಬಡ್ಡಿಸಹಿತ ತೀರಿಸಿದ್ದೇನೆ. ಬೇರೆ ದೇಶಗಳಲ್ಲಿ ಜನರ ಕೈಗೇ ಹಣ ಕೊಟ್ಟರೆಂದು ಓದಿದ್ದೇನೆ. ಸಾಲವನ್ನು ಪರಿಹಾರ ಎನ್ನಬಹುದೇ? ನೆರವು ಕೆಲವರಿಗೆ ತಕ್ಷಣ ಸಿಕ್ಕಿ, ಕೆಲವರಿಗೆ ಸಿಗದೇ ಹೋದದ್ದೇಕೆ? ಇಂಥ ಕಾಲ ಮತ್ತೆ ಬಂದರೆ ನನ್ನಂಥವರು ಏನನ್ನು ಗಮನಿಸಬೇಕು?

ಉತ್ತರ: ಸಾಲವೂ ಪರಿಹಾರವಾಗಬಲ್ಲದು, ಆದರೆ ಯಾರ ನಷ್ಟ ಕೆಲವು ತಿಂಗಳ ಮಟ್ಟಿಗಿನದೋ ಅವರಿಗೆ ಮಾತ್ರ. ಯಾರ ಆದಾಯ ಮತ್ತೆಂದೂ ಬಾರದಂತೆ ಹೋಗಿದೆಯೋ ಅವರಿಗೆ ಸಾಲ ಕೊಟ್ಟರೆ ಇಂದಿನ ನಷ್ಟಕ್ಕೆ ಬಡ್ಡಿ ಸೇರಿಸಿ ನಾಳೆಗೆ ದಾಟಿಸಿದಂತಾಗುತ್ತದೆ, ಅಷ್ಟೇ. ಇನ್ನು ನೆರವು ಕೆಲವರಿಗೆ ಬೇಗ ಸಿಕ್ಕಿ ಕೆಲವರಿಗೆ ಸಿಗದೇ ಹೋದದ್ದಕ್ಕೆ ಕಾರಣವನ್ನು ಹೆಚ್ಚಿನವರು ಅಧಿಕಾರಿಗಳ ಧೋರಣೆಯಲ್ಲಿ ಹುಡುಕುತ್ತಾರೆ. ನನಗೆ ಕಂಡಂತೆ ಕಾರಣ ಅದಕ್ಕಿಂತ ಸಪ್ಪೆಯಾದದ್ದು. ಆ ದಿನ ಸರ್ಕಾರದ ಕೈಯಲ್ಲಿ ಯಾವ ಪಟ್ಟಿ ಸಿದ್ಧವಾಗಿತ್ತೋ ಅದರಲ್ಲಿ ಹೆಸರಿದ್ದವರಿಗೆ ಹಣ ತಲುಪಿತು, ಹೆಸರಿಲ್ಲದವರಿಗೆ ತಲುಪಲಿಲ್ಲ. ಎಷ್ಟು ಕಷ್ಟದಲ್ಲಿದ್ದೀರಿ ಎಂಬ ಪ್ರಶ್ನೆ ಬಹುತೇಕ ಯೋಜನೆಗಳಲ್ಲಿ ಎರಡನೆಯದಾಗಿತ್ತು. ಯಾವ ದಫ್ತರಿನಲ್ಲಿ ನಿಮ್ಮ ಹೆಸರಿದೆ ಎಂಬುದೇ ಮೊದಲನೆಯದು.

ಮೊದಲು ಕಂತಿನ ವಿಷಯ ನೋಡೋಣ. 2020ರ ಮಾರ್ಚ್ 27ರಂದು ಭಾರತೀಯ ರಿಸರ್ವ್ ಬ್ಯಾಂಕು, ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೂ ಇತರ ಸಾಲ ಸಂಸ್ಥೆಗಳಿಗೂ ಅನುಮತಿ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಈ ಅವಧಿಯಲ್ಲಿ ಕಂತು ಕಟ್ಟದವರನ್ನು ಸುಸ್ತಿದಾರರೆಂದು ದಾಖಲಿಸುವಂತಿರಲಿಲ್ಲ. ಸಿಕ್ಕ ರಿಯಾಯಿತಿ ಅಷ್ಟೇ. ಬಡ್ಡಿ ಒಂದು ದಿನದ ಮಟ್ಟಿಗೂ ನಿಲ್ಲಲಿಲ್ಲ. ಇದರ ಅರ್ಥ ಕಾಗದದ ಮೇಲೆ ಲೆಕ್ಕ ಬಿಡಿಸಿದಾಗಲೇ ಆಗುವುದು. ಹತ್ತು ಲಕ್ಷ ರೂಪಾಯಿ ಅಸಲು ಬಾಕಿಯಿದೆ, ಬಡ್ಡಿ ವರ್ಷಕ್ಕೆ ಶೇ 12, ಇನ್ನು 60 ಕಂತು ಉಳಿದಿವೆ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 22,244 ರೂಪಾಯಿ. ಆರು ತಿಂಗಳು ಕಟ್ಟದೇ ಬಿಟ್ಟರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಅಸಲಿಗೆ ಸೇರುತ್ತ ಹೋಗಿ, ಕೊನೆಗೆ ಬಾಕಿ 10,61,520 ರೂಪಾಯಿಗೆ ಬಂದು ನಿಲ್ಲುತ್ತದೆ. ಹಿಂದಿನ ಕಂತನ್ನೇ ಮುಂದುವರಿಸಿದರೆ 60ನೆಯ ಕಂತಿಗೆ ಸಾಲ ಮುಗಿಯುವುದಿಲ್ಲ. ಮೇಲೆ ಐದು ಪೂರ್ಣ ಕಂತುಗಳನ್ನೂ ಆರನೆಯದಾಗಿ ನಾಲ್ಕು ಸಾವಿರದಷ್ಟು ಚಿಲ್ಲರೆಯನ್ನೂ ಕಟ್ಟಬೇಕಾಗುತ್ತದೆ. ಒಟ್ಟಿನಲ್ಲಿ ಆರು ತಿಂಗಳ ಬಿಡುವಿಗೆ ನೀವು ತೆತ್ತದ್ದು ಸುಮಾರು 1 ಲಕ್ಷ 15 ಸಾವಿರ ರೂಪಾಯಿ.

ಇದೇ ಲೆಕ್ಕದ ಇನ್ನೊಂದು ಸಾಲನ್ನೂ ನೋಡಬೇಕು. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು ದೇಶದಲ್ಲಿ ದೊಡ್ಡ ವಾದವೇ ನಡೆಯಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎರಡು ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಭರಿಸಲು ಒಪ್ಪಿತು. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು, ಸಾಲದ ಗಾತ್ರ ಎಷ್ಟೇ ಇರಲಿ, ಆ ಆರು ತಿಂಗಳಿಗೆ ಚಕ್ರಬಡ್ಡಿ ಹಾಕುವಂತಿಲ್ಲ ಎಂದು ತೀರ್ಪಿತ್ತಿತು. ಪೂರ್ತಿ ಬಡ್ಡಿಯನ್ನೇ ಮನ್ನಾ ಮಾಡಬೇಕೆಂಬ ಕೋರಿಕೆಯನ್ನು ಅದೇ ತೀರ್ಪು ಒಪ್ಪಲಿಲ್ಲ. ಮೇಲಿನ ಉದಾಹರಣೆಯಲ್ಲಿ ಸರಳ ಬಡ್ಡಿ 60,000 ರೂಪಾಯಿ, ಚಕ್ರಬಡ್ಡಿ 61,520. ಪತ್ರಿಕೆಗಳ ಮುಖಪುಟದಲ್ಲಿ ತಿಂಗಳುಗಟ್ಟಲೆ ಕಾಣಿಸಿಕೊಂಡ ವ್ಯಾಜ್ಯದಿಂದ ಆ ಸಾಲಗಾರನಿಗೆ ದಕ್ಕಿದ್ದು 1,520 ರೂಪಾಯಿ. ಅರವತ್ತು ಸಾವಿರ ಅವನ ತಲೆಯ ಮೇಲೇ ಉಳಿಯಿತು. ತೀರ್ಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಸಾರ್ವಜನಿಕ ಚರ್ಚೆ ಚಿಕ್ಕ ಮೊತ್ತದ ಸುತ್ತ ನಡೆದು ದೊಡ್ಡ ಮೊತ್ತ ಸದ್ದಿಲ್ಲದೆ ದಾಟಿಹೋಯಿತೆಂಬುದನ್ನು ಮಾತ್ರ ಹೇಳಬೇಕೆನಿಸುತ್ತದೆ.

ಹಾಗೆಂದು ಕಂತಿನ ಬಿಡುವು ಮೋಸವೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಒಂದು ಕಾಸೂ ಇಲ್ಲದವರು ಆ ಆರು ಕಂತುಗಳನ್ನು ಕಟ್ಟಲು ಮೀಟರ್ ಬಡ್ಡಿಯವರ ಬಳಿ ಹೋಗಿದ್ದರೆ ಶೇ 12 ಎಂಬುದು ಕನಸಿನ ದರವಾಗುತ್ತಿತ್ತು. ಅಂಥವರಿಗೆ ಬಿಡುವು ನಿಜಕ್ಕೂ ಉಸಿರಾಡಲು ಅವಕಾಶ ಕೊಟ್ಟಿತು. ಕಂತು ಕಟ್ಟುವ ಶಕ್ತಿಯಿದ್ದೂ "ಹೇಗೂ ಸರ್ಕಾರ ಬಿಟ್ಟಿದೆ" ಎಂದು ನಿಲ್ಲಿಸಿದವರು ಮಾತ್ರ ಕೈಯಾರೆ ನಷ್ಟ ಮಾಡಿಕೊಂಡರು.

ಎರಡನೆಯದು ನಿಮ್ಮ ಹೊಸ ಸಾಲ. ಅದು 2020ರ ಮೇ ತಿಂಗಳಲ್ಲಿ ಘೋಷಣೆಯಾದ ಮೂರು ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆಯದಿರಬೇಕು. ಫೆಬ್ರುವರಿ 29ರಂದು ಇದ್ದ ಸಾಲದ ಬಾಕಿಯ ಶೇ 20ರಷ್ಟನ್ನು ಹೊಸ ಅಡಮಾನವಿಲ್ಲದೆ ಹೆಚ್ಚುವರಿ ಸಾಲವಾಗಿ ಕೊಡುವುದು, ನಾಲ್ಕು ವರ್ಷದ ಅವಧಿ, ಅಸಲಿಗೆ ಮೊದಲ ವರ್ಷ ಬಿಡುವು, ಬ್ಯಾಂಕುಗಳಲ್ಲಿ ಬಡ್ಡಿ ಶೇ 9.25ನ್ನು ಮೀರಬಾರದು, ಸಾಲ ಮುಳುಗಿದರೆ ಪೂರ್ತಿ ಹೊಣೆ ಸರ್ಕಾರದ ಖಾತರಿ ಸಂಸ್ಥೆಯದು ಎಂಬವು ಅದರ ಮೊದಲ ರೂಪದ ಮುಖ್ಯ ಷರತ್ತುಗಳು. ಇದರೊಳಗಿನ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು.

ಮೂರು ಲಕ್ಷ ಕೋಟಿ ಎಂದು ಕೇಳಿದಾಗ ಅಷ್ಟೂ ಹಣ ಬೊಕ್ಕಸದಿಂದ ಹೊರಬಿತ್ತೆಂದು ಅನಿಸುವುದು ಸಹಜ. ಆದರೆ ಸಾಲ ಕೊಟ್ಟದ್ದು ಬ್ಯಾಂಕುಗಳು. ಖಾತರಿಗಾಗಿ ಸರ್ಕಾರ ತೆಗೆದಿರಿಸಿದ ನಿಧಿ 41,600 ಕೋಟಿ ರೂಪಾಯಿ, ಅದೂ ನಾಲ್ಕು ಹಣಕಾಸು ವರ್ಷಗಳಿಗೆ ಹಂಚಿ. ಜಗತ್ತಿನ ಅನೇಕ ಸರ್ಕಾರಗಳಿಗೆ ಸಾಲ ಖಾತರಿ ಪ್ರಿಯವಾದದ್ದು ಇದೇ ಕಾರಣಕ್ಕೆ: ಘೋಷಣೆಯಲ್ಲಿ ಮೊತ್ತ ದೊಡ್ಡದಾಗಿ ಕಾಣುತ್ತದೆ, ಆ ವರ್ಷದ ಆಯವ್ಯಯದಲ್ಲಿ ಚಿಕ್ಕದಾಗಿ ಕೂರುತ್ತದೆ. ಮುಂದೆ ಎಷ್ಟು ಸಾಲ ಮುಳುಗುತ್ತದೆ ಎಂಬುದರ ಮೇಲೆ ನಿಜವಾದ ಖರ್ಚು ನಿರ್ಧಾರವಾಗುತ್ತದೆ. ಬಡ ದೇಶಗಳಿಗೆ, ತೆರಿಗೆ ವರಮಾನವೂ ಕುಸಿದಿರುವ ಹೊತ್ತಿನಲ್ಲಿ, ಇದರಲ್ಲಿ ಒಂದು ನ್ಯಾಯವೂ ಇದೆ. ಎಲ್ಲರಿಗೂ ಡಾಲರಿನಲ್ಲಿ ಸಾಲ ಎತ್ತಿ ಹಂಚುವ ಅನುಕೂಲ ಇರುವುದಿಲ್ಲ.

ಎರಡನೆಯ ಸಂಗತಿ ನನಗೆ ಹೆಚ್ಚು ಕಸಿವಿಸಿ ತಂದದ್ದು. ಹಳೆಯ ಬಾಕಿಯ ಶೇ 20 ಎಂದರೆ, ಹಳೆಯ ಬಾಕಿ ಸೊನ್ನೆಯಾಗಿದ್ದವರಿಗೆ ಹೊಸ ಸಾಲವೂ ಸೊನ್ನೆ. ಹತ್ತು ವರ್ಷ ಸ್ವಂತ ಬಂಡವಾಳದಲ್ಲೇ ನಡೆಸಿ, ಬ್ಯಾಂಕಿನ ಮೆಟ್ಟಿಲು ಹತ್ತದವರು ಆ ಯೋಜನೆಯ ಹೊರಗೆ ಉಳಿದರು; ಹಾಗೆಯೇ ಅರವತ್ತು ದಿನಕ್ಕಿಂತ ಹಳೆಯ ಸುಸ್ತಿ ಇದ್ದವರೂ ಹೊರಗುಳಿದರು. ಇದನ್ನು ರೂಪಿಸಿದವರಿಗೆ ಜಾಣತನ ಇರಲಿಲ್ಲವೆಂದಲ್ಲ. ಬ್ಯಾಂಕಿನ ಬಳಿ ದಾಖಲೆ ಸಿದ್ಧವಿದ್ದ ಗ್ರಾಹಕರಿಗೆ ಅರ್ಜಿ, ಪರಿಶೀಲನೆ ಎಂದು ಕಾಯಿಸದೆ ದಿನಗಳಲ್ಲೇ ಹಣ ಕೊಡಬಹುದಿತ್ತು. ಬೇಗ ಕೊಡಲು ಆರಿಸಿಕೊಂಡ ದಾರಿಯೇ ಯಾರಿಗೆ ಕೊಡಬೇಕು ಎಂಬುದನ್ನೂ ತೀರ್ಮಾನಿಸಿಬಿಟ್ಟಿತು. ಸಾಲವೇ ಇಲ್ಲದ ಬೀದಿಬದಿ ವ್ಯಾಪಾರಿಗಳಿಗಾಗಿ 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಎಂಬ ಪ್ರತ್ಯೇಕ ಯೋಜನೆ ಬಂದಿತು. ಮೊದಲ ಸಾಲ 10,000 ರೂಪಾಯಿ, ಸಕಾಲದಲ್ಲಿ ತೀರಿಸಿದವರಿಗೆ ಬಡ್ಡಿಯಲ್ಲಿ ಶೇ 7ರ ಸಹಾಯಧನ. ಅದೂ ಸಾಲವೇ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಮುಚ್ಚಿದ ತಿಂಗಳುಗಳಲ್ಲಿ ಕಳೆದುಹೋದ ವ್ಯಾಪಾರ ಆಮೇಲೆ ಮರಳಿ ಬರುತ್ತದೆಯೇ ಎಂದು ಕೇಳಿದರೆ, ಸಾಲ ಯಾರಿಗೆ ಸರಿ, ಅನುದಾನ ಯಾರಿಗೆ ಸರಿ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಬಟ್ಟೆ ಒಗೆಯುವ ಯಂತ್ರ ಕೊಳ್ಳಬೇಕೆಂದಿದ್ದವರು ನಾಲ್ಕು ತಿಂಗಳು ತಡವಾಗಿ ಕೊಳ್ಳುತ್ತಾರೆ; ಮಾರುವವರ ವಹಿವಾಟು ಮುಂದೆ ಹೋಗುತ್ತದೆ, ಮಾಯವಾಗುವುದಿಲ್ಲ. ಆದರೆ ಮೂರು ತಿಂಗಳು ಕ್ಷೌರಕ್ಕೆ ಬಾರದ ಗಿರಾಕಿ ನಾಲ್ಕನೆಯ ತಿಂಗಳು ಬಂದು ನಾಲ್ಕು ಸಲ ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಆಟೋ ಓಡದ ದಿನದ ಬಾಡಿಗೆ, ಮದುವೆಯ ಹಂಗಾಮಿನಲ್ಲಿ ತೋಟದಲ್ಲೇ ಬಾಡಿದ ಹೂವು, ಇವೆಲ್ಲ ಹೋದವೆಂದರೆ ಹೋದವೇ. ಮೊದಲನೆಯವರಿಗೆ ಸಾಲ ಸೇತುವೆಯಾಗುತ್ತದೆ, ಎರಡನೆಯವರಿಗೆ ಅದು ಹೊರೆ. 2020ರ ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿಯನ್ನೂ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯನ್ನೂ ಒಂದು ಬಾರಿಯ ನೆರವಾಗಿ ಘೋಷಿಸಿದಾಗ, ಮೊತ್ತ ಸಾಲದೆಂಬ ಮಾತು ಸರಿಯಾಗಿಯೇ ಕೇಳಿಬಂದಿತು. ಆದರೆ ಯಾವ ವೃತ್ತಿಗೆ ಅನುದಾನವೇ ಬೇಕು ಎಂಬ ವಿಂಗಡಣೆ ಮಾತ್ರ ತಪ್ಪಿರಲಿಲ್ಲ.

ಬೇರೆ ದೇಶಗಳಲ್ಲಿ ಕೈಗೇ ಹಣ ಕೊಟ್ಟರೆಂದು ನೀವು ಓದಿದ್ದು ನಿಜ, ಆದರೆ ಎಲ್ಲರೂ ಒಂದೇ ರೀತಿ ಕೊಡಲಿಲ್ಲ. ಜರ್ಮನಿಯಲ್ಲಿ ಒಂದು ಶತಮಾನಕ್ಕೂ ಹಳೆಯದಾದ ಕುರ್ಟ್ಸ್‌ಆರ್ಬೈಟ್ ಎಂಬ ವ್ಯವಸ್ಥೆಯಿದೆ. ಕೆಲಸ ಕಡಿಮೆಯಾದಾಗ ಮಾಲೀಕರು ನೌಕರರನ್ನು ತೆಗೆಯುವ ಬದಲು ಅವರ ಕೆಲಸದ ಗಂಟೆ ಇಳಿಸುತ್ತಾರೆ. ಕಳೆದುಕೊಂಡ ನಿವ್ವಳ ವೇತನದ ಶೇ 60ನ್ನು, ಮಕ್ಕಳಿರುವವರಿಗೆ ಶೇ 67ನ್ನು, ಸರ್ಕಾರ ತುಂಬುತ್ತದೆ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಮಂದಿ ಇದರಡಿ ಇದ್ದರು. ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ, ಇದ್ದ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಸಾಕಾಗಿತ್ತು. ಬ್ರಿಟನ್ನಿನಲ್ಲಿ ಅಂಥದ್ದು ಇರಲಿಲ್ಲ. 2020ರ ಮಾರ್ಚ್ 20ರಂದು ಘೋಷಿಸಿದ ಯೋಜನೆಯಲ್ಲಿ, ಮನೆಯಲ್ಲಿ ಕೂತ ನೌಕರರ ವೇತನದ ಶೇ 80ನ್ನು, ತಿಂಗಳಿಗೆ 2,500 ಪೌಂಡ್ ಮೀರದಂತೆ, ಸರ್ಕಾರ ಭರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 1 ಕೋಟಿ 17 ಲಕ್ಷ ಉದ್ಯೋಗಗಳಿಗೆ ಅದು ಆಸರೆಯಾಗಿತ್ತು, ಖರ್ಚು ಸುಮಾರು 7,000 ಕೋಟಿ ಪೌಂಡ್. ಇಷ್ಟು ಬೇಗ ಸಾಧ್ಯವಾದದ್ದು ತೆರಿಗೆ ಇಲಾಖೆಯ ಗಣಕದಲ್ಲಿ ಪ್ರತಿ ನೌಕರನ ವೇತನವೂ ದಾಖಲಾಗುತ್ತಿದ್ದುದರಿಂದ. ಆ ದಾಖಲೆಯ ಆಚೆ ಇದ್ದವರು, ಅಂದರೆ ಹೊಸದಾಗಿ ಸ್ವಂತ ಕಸುಬು ಆರಂಭಿಸಿದವರು, ತಮ್ಮದೇ ಸಣ್ಣ ಕಂಪನಿಯಿಂದ ಸಂಬಳದ ಬದಲು ಲಾಭಾಂಶ ಪಡೆಯುತ್ತಿದ್ದವರು, ಅಲ್ಲಿಯೂ ಬರಿಗೈಯಲ್ಲೇ ಉಳಿದರು. ಶ್ರೀಮಂತ ದೇಶದಲ್ಲೂ ಪಟ್ಟಿಯ ಕಥೆ ಇದೇ.

ಅಮೆರಿಕ ಆರಿಸಿಕೊಂಡದ್ದು ಮಧ್ಯದ ದಾರಿ, ನಿಮ್ಮಂಥ ಉದ್ಯಮಿಗಳು ಹೆಚ್ಚು ಗಮನಿಸಬೇಕಾದದ್ದು ಅದನ್ನೇ. ಅಲ್ಲಿನ ವೇತನ ಸಂರಕ್ಷಣಾ ಯೋಜನೆಯಲ್ಲಿ ಹಣ ಬ್ಯಾಂಕಿನ ಮೂಲಕ ಶೇ 1ರ ಬಡ್ಡಿಯ ಸಾಲವಾಗಿ ಬರುತ್ತಿತ್ತು, ತಿಂಗಳ ಸರಾಸರಿ ವೇತನ ವೆಚ್ಚದ ಎರಡೂವರೆ ಪಟ್ಟಿನವರೆಗೆ. ಅದರ ನಿಗದಿತ ಪಾಲನ್ನು ವೇತನಕ್ಕೇ ಖರ್ಚು ಮಾಡಿ ಲೆಕ್ಕ ಒಪ್ಪಿಸಿದರೆ ಸಾಲ ಮನ್ನಾ. ಆ ಪಾಲು ಮೊದಲು ಶೇ 75 ಇತ್ತು, ಜೂನ್‌ನಲ್ಲಿ ಶೇ 60ಕ್ಕೆ ಇಳಿಯಿತು. ಸಾಲದ ವೇಷದ ಅನುದಾನವೆಂದು ಇದನ್ನು ಕರೆಯಬಹುದು. 2020ರ ಏಪ್ರಿಲ್ 3ರಂದು ಆರಂಭವಾದ ಈ ಯೋಜನೆಯ ಮೊದಲ 34,900 ಕೋಟಿ ಡಾಲರ್ ಏಪ್ರಿಲ್ 16ಕ್ಕೇ ಮುಗಿದುಹೋಯಿತು. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ ಕಾಗದದಲ್ಲಿ ನಿಷ್ಪಕ್ಷಪಾತಿಯಾಗಿ ಕಾಣುತ್ತದೆ. ವಾಸ್ತವದಲ್ಲಿ ಮೊದಲು ಬರುವವರು ಲೆಕ್ಕಿಗರೂ ವಕೀಲರೂ ಬ್ಯಾಂಕಿನಲ್ಲಿ ಹಳೆಯ ಪರಿಚಯವೂ ಇರುವ ದೊಡ್ಡವರು. ಷೇರುಪೇಟೆಯಲ್ಲಿರುವ ಕಂಪನಿಗಳೂ ಹಣ ಪಡೆದು, ಟೀಕೆ ಬಂದ ಮೇಲೆ ಮರಳಿಸಿದವು. ಆಮೇಲೆ ಹಣ ಸೇರಿಸಲಾಯಿತು, ಒಟ್ಟು ಸುಮಾರು 80,000 ಕೋಟಿ ಡಾಲರ್ ತಲುಪಿತು. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದ ನೌಕರರಿಗೆ ನೇರವಾಗಿ ತಲುಪಿದ್ದು ಆ ಹಣದ ಶೇ 23ರಿಂದ 34ರಷ್ಟು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮಾಲೀಕರನ್ನೂ ಅವರಿಗೆ ಸಾಲ ಕೊಟ್ಟವರು, ಸರಕು ಪೂರೈಸಿದವರನ್ನೂ ಸೇರಿತು. ಕೈಗೇ ಹಣ ಕೊಡುವುದು ಸಾಲಕ್ಕಿಂತ ಯಾವಾಗಲೂ ಮೇಲು ಎಂದು ವಾದಿಸುವವರು ಈ ಅಂಕಿಯನ್ನು ಎದುರಿಟ್ಟುಕೊಂಡು ವಾದಿಸಬೇಕು.

ಕುಟುಂಬಗಳ ನೆರವಿನಲ್ಲಿ ಪಟ್ಟಿಯ ಪ್ರಶ್ನೆ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಭಾರತದಲ್ಲಿ 2020ರ ಮಾರ್ಚ್ 26ರ ಪ್ಯಾಕೇಜು ಮುಖ್ಯವಾಗಿ ಎರಡು ಹಳೆಯ ಪಟ್ಟಿಗಳ ಮೇಲೆ ನಿಂತಿತ್ತು. ಒಂದು, ಮಹಿಳೆಯರ ಜನಧನ್ ಖಾತೆಗಳು. ಸುಮಾರು 20 ಕೋಟಿ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು. ಇನ್ನೊಂದು, ಪಡಿತರ ಚೀಟಿ. ಸುಮಾರು 80 ಕೋಟಿ ಜನರಿಗೆ ತಲಾ ಐದು ಕಿಲೋ ಧಾನ್ಯ ಉಚಿತ. ಎರಡನೆಯದು ನಡುವೆ ಕೆಲವು ತಿಂಗಳು ನಿಂತು, ಮತ್ತೆ ಆರಂಭವಾಗಿ 2022ರ ಡಿಸೆಂಬರ್‌ವರೆಗೆ ನಡೆಯಿತು. ಮೂರು ತಿಂಗಳಿಗೆ 1,500 ರೂಪಾಯಿ ಎಂಬುದು ಯಾವ ಲೆಕ್ಕದಲ್ಲೂ ಕಡಿಮೆಯೇ. ಧಾನ್ಯ ಮಾತ್ರ ತೂಕದ ನೆರವು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗೋದಾಮಿನಲ್ಲಿ ದಾಸ್ತಾನಿತ್ತು, ನ್ಯಾಯಬೆಲೆ ಅಂಗಡಿಗಳ ಜಾಲ ಆಗಲೇ ಇತ್ತು. ಆದರೆ ಚೀಟಿ ಒಂದು ಊರಿನದು, ಅದರ ಯಜಮಾನ ದುಡಿಯುತ್ತಿದ್ದುದು ಸಾವಿರ ಮೈಲಿ ದೂರದ ಇನ್ನೊಂದು ರಾಜ್ಯದಲ್ಲಿ. ಹೆದ್ದಾರಿಯಲ್ಲಿ ನಡೆದು ಹೋದ ವಲಸೆ ಕಾರ್ಮಿಕರಲ್ಲಿ ಎಷ್ಟೋ ಮಂದಿಯ ಹೆಸರು ಪಟ್ಟಿಯಲ್ಲಿತ್ತು, ಆದರೆ ಪಟ್ಟಿ ಅವರಿದ್ದ ಊರಲ್ಲಿರಲಿಲ್ಲ. ದೇಶದ ಎಲ್ಲಿ ಬೇಕಾದರೂ ಪಡಿತರ ಪಡೆಯುವ ವ್ಯವಸ್ಥೆಯ ವಿಸ್ತರಣೆಗೆ ವೇಗ ಸಿಕ್ಕಿದ್ದು ಇದಾದ ಮೇಲೆಯೇ.

ಪಟ್ಟಿಯಲ್ಲಿಲ್ಲದವರನ್ನು ಹುಡುಕಿದ ದೇಶಗಳೂ ಉಂಟು. ಬ್ರೆಜಿಲ್ 2020ರ ಏಪ್ರಿಲ್‌ನಲ್ಲಿ ಮೊಬೈಲ್ ಆ್ಯಪ್ ಮೂಲಕ ಅರ್ಜಿ ಆಹ್ವಾನಿಸಿ, ಯಾವ ಕಡತದಲ್ಲೂ ಕಾಣದ ಕೂಲಿಗಾರರಿಗೂ ಚಿಲ್ಲರೆ ವ್ಯಾಪಾರಿಗಳಿಗೂ ತಿಂಗಳಿಗೆ 600 ರಿಯಲ್ (ಅಲ್ಲಿನ ಹಣ), ಒಬ್ಬಂಟಿ ತಾಯಂದಿರಿಗೆ ಅದರ ಎರಡರಷ್ಟು ಕೊಟ್ಟಿತು. 6 ಕೋಟಿ 70 ಲಕ್ಷದಷ್ಟು ಜನರಿಗೆ, ಎಂದರೆ ಹೆಚ್ಚುಕಡಿಮೆ ದೇಶದ ಮೂರನೆಯ ಒಂದು ಪಾಲಿಗೆ, ಅದು ತಲುಪಿತು. ಆಫ್ರಿಕದ ಟೋಗೊ ಇನ್ನೂ ಸಣ್ಣ, ಇನ್ನೂ ಬಡ ದೇಶ. ಅದು ಆಗಷ್ಟೇ ಚುನಾವಣೆ ಮುಗಿಸಿತ್ತು, ಹೊಸ ಮತದಾರರ ಪಟ್ಟಿ ಕೈಯಲ್ಲಿತ್ತು, ಆ ಪಟ್ಟಿಯಲ್ಲಿ ಪ್ರತಿಯೊಬ್ಬರ ಕಸುಬೂ ನಮೂದಾಗಿತ್ತು. ಸಾಮಾನ್ಯ ಮೊಬೈಲ್‌ನಿಂದ ಒಂದು ಸಂಖ್ಯೆ ಒತ್ತಿ ಮತದಾರರ ಚೀಟಿಯ ವಿವರ ಕೊಟ್ಟರೆ ಅರ್ಹರಿಗೆ ಕೂಡಲೇ ಮೊಬೈಲ್ ಖಾತೆಗೆ ಹಣ ಬೀಳುತ್ತಿತ್ತು. ರಾಜಧಾನಿ ಲೋಮೆಯ ಸುತ್ತಮುತ್ತ ಪುರುಷರಿಗೆ ತಿಂಗಳಿಗೆ 10,500 ಸಿಎಫ್‌ಎ ಫ್ರಾಂಕ್, ಮಹಿಳೆಯರಿಗೆ 12,250. ಮತ್ತೊಂದೆಡೆ ಜಪಾನ್ ಪ್ರತಿ ನಿವಾಸಿಗೂ ಒಂದು ಲಕ್ಷ ಯೆನ್ ಕೊಡಲು ಹೊರಟು, ಆನ್‌ಲೈನ್ ಅರ್ಜಿಗಳನ್ನು ಸ್ಥಳೀಯ ಕಚೇರಿಯ ಸಿಬ್ಬಂದಿ ಕೈಯಿಂದ ತಾಳೆ ನೋಡಬೇಕಾಗಿ ಬಂದು ಒದ್ದಾಡಿತು. ಹಣ ಇರುವುದೇ ಬೇರೆ, ಅದನ್ನು ತಲುಪಿಸಲು ಬರುವುದೇ ಬೇರೆ.

ಬೇಗ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಬ್ರಿಟನ್ 2020ರ ಮೇ 4ರಿಂದ 50,000 ಪೌಂಡ್‌ವರೆಗಿನ ಸಾಲವನ್ನು, ಅರ್ಜಿದಾರ ತಾನೇ ಹೇಳಿಕೊಂಡ ವಹಿವಾಟಿನ ಆಧಾರದ ಮೇಲೆ, ಪೂರ್ತಿ ಸರ್ಕಾರಿ ಖಾತರಿಯೊಂದಿಗೆ ಕೊಡಿಸಿತು. ನಷ್ಟ ತನ್ನದಲ್ಲವೆಂದ ಮೇಲೆ ಬ್ಯಾಂಕು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ವಂಚಕರು ಕಾಗದದ ಮೇಲಷ್ಟೇ ಇದ್ದ ಕಂಪನಿಗಳ ಹೆಸರಿನಲ್ಲೂ ಸಾಲ ಎತ್ತಿದರು. ಆಸ್ಟ್ರೇಲಿಯದಲ್ಲಿ ವಹಿವಾಟು ಕುಸಿಯಬಹುದೆಂಬ ಅಂದಾಜಿನ ಮೇಲೆ ವೇತನ ನೆರವು ಪಡೆದ ಎಷ್ಟೋ ಸಂಸ್ಥೆಗಳ ವಹಿವಾಟು ಕುಸಿಯಲೇ ಇಲ್ಲ, ಆದರೆ ಹಣ ಮರಳಿಸಬೇಕೆಂಬ ನಿಯಮ ಕಾನೂನಿನಲ್ಲಿ ಇರಲಿಲ್ಲ. ನ್ಯೂಜಿಲೆಂಡ್ ಕೂಡ ನಂಬಿಕೆಯ ಮೇಲೆಯೇ ಹಣ ಕೊಟ್ಟಿತು. ಜೊತೆಗೆ ಯಾವ ಉದ್ಯಮಕ್ಕೆ ಎಷ್ಟು ಕೊಟ್ಟೆವೆಂಬುದನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಸಾರ್ವಜನಿಕಗೊಳಿಸಿತು. ತಮ್ಮ ನೌಕರರೂ ನೆರೆಹೊರೆಯವರೂ ನೋಡುತ್ತಾರೆಂದು ತಿಳಿದಾಗ ಮಾಲೀಕರ ಅಂದಾಜು ಹೆಚ್ಚು ಪ್ರಾಮಾಣಿಕವಾಗುತ್ತದೆ. ಬಹಳಷ್ಟು ಸಂಸ್ಥೆಗಳು ಹಣವನ್ನು ತಾವಾಗಿಯೇ ಮರಳಿಸಿದವು. ಕುಟುಂಬಗಳ ವಿಷಯದಲ್ಲಿ ಮೊದಲು ಕೊಟ್ಟು ಆಮೇಲೆ ಪರಿಶೀಲಿಸುವುದೇ ಸರಿ ಎಂದು ನಾನು ನಂಬುತ್ತೇನೆ, ಏಕೆಂದರೆ ಹಸಿವು ಪರಿಶೀಲನೆ ಮುಗಿಯುವವರೆಗೆ ಕಾಯುವುದಿಲ್ಲ. ಉದ್ಯಮಗಳ ವಿಷಯದಲ್ಲಿ ಮರಳಿ ಪಡೆಯುವ ನಿಯಮವನ್ನು ಮೊದಲ ದಿನವೇ ಬರೆದಿಟ್ಟು ಕೊಡಬೇಕು.

ಇನ್ನು ಕೊನೆಯ ದಿನಾಂಕಗಳ ಬಗ್ಗೆ. ಬ್ರಿಟನ್ನಿನ ವೇತನ ನೆರವು 2020ರ ಅಕ್ಟೋಬರ್ 31ಕ್ಕೆ ಮುಗಿಯಬೇಕಿತ್ತು. ಮುಂದುವರಿಸುವುದಾಗಿ ಘೋಷಿಸಿದ್ದು ಅದೇ ಅಕ್ಟೋಬರ್ 31ರಂದು. ಅಷ್ಟರಲ್ಲಿ ನೆರವು ನಿಲ್ಲುತ್ತದೆಂದು ಎಣಿಸಿ ನೌಕರರನ್ನು ಕೈಬಿಟ್ಟ ಮಾಲೀಕರು ಇದ್ದರು. ಅಮೆರಿಕದಲ್ಲಿ 2021ರ ಜುಲೈನಿಂದ ಡಿಸೆಂಬರ್‌ವರೆಗೆ ಮಕ್ಕಳಿರುವ ಕುಟುಂಬಗಳಿಗೆ ತೆರಿಗೆ ರಿಯಾಯಿತಿಯ ಅರ್ಧವನ್ನು ಪ್ರತಿ ತಿಂಗಳೂ ಮುಂಗಡವಾಗಿ ಖಾತೆಗೆ ಹಾಕಿದರು. ಸರ್ಕಾರಿ ನೆರವನ್ನೂ ಎಣಿಸುವ ಪೂರಕ ಮಾನದಂಡದಲ್ಲಿ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿದಿತ್ತು, ಯೋಜನೆ ಮುಗಿದ ಮರುವರ್ಷ ಶೇ 12.4ಕ್ಕೆ ಏರಿತು. ಕೆನಡಾದಲ್ಲಿ ಸಣ್ಣ ಉದ್ಯಮಗಳಿಗೆ 60,000 ಡಾಲರ್‌ವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ನಿಗದಿತ ದಿನದೊಳಗೆ 40,000 ತೀರಿಸಿದರೆ ಉಳಿದ 20,000 ಮನ್ನಾ ಎಂದರು. ಹಲವು ಬಾರಿ ಮುಂದಕ್ಕೆ ಹೋದ ಆ ದಿನ ಕೊನೆಗೆ 2024ರ ಜನವರಿ 18ಕ್ಕೆ ನಿಂತಿತು; ಬೇರೆ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ್ದವರಿಗೆ ಮಾತ್ರ ಇನ್ನಷ್ಟು ಕಾಲಾವಕಾಶವಿತ್ತು. ಉಳಿದವರಿಗೆ 19ರಿಂದ ಅದು ಶೇ 5ರ ಬಡ್ಡಿಯ ಮಾಮೂಲಿ ಸಾಲ. ಒಂದು ದಿನದ ಬೆಲೆ 20,000 ಡಾಲರ್.

ಇವೆಲ್ಲದರ ಬೆಳಕಿನಲ್ಲಿ ನಿಮಗೆ ಹೇಳಬಹುದಾದದ್ದು ಇಷ್ಟು. ಮತ್ತೆ ಕಂತಿನ ಬಿಡುವು ಘೋಷಣೆಯಾದರೆ, ಬಡ್ಡಿ ನಿಲ್ಲುತ್ತದೆಯೇ, ಕಂತಿನ ಸಂಖ್ಯೆ ಹೆಚ್ಚುತ್ತದೆಯೇ ಅಥವಾ ಕಂತಿನ ಮೊತ್ತವೇ, ನಿಮ್ಮ ಸಾಲದ ಇತಿಹಾಸದಲ್ಲಿ ಅದು ಹೇಗೆ ದಾಖಲಾಗುತ್ತದೆ ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ಮೇಲಿನಂತೆ ಲೆಕ್ಕ ಹಾಕಿ, ಅಗತ್ಯವಿರುವಷ್ಟೇ ತಿಂಗಳಿಗೆ ಬಿಡುವು ಕೇಳಿ. ಹೊಸ ಸಾಲದ ಆಹ್ವಾನ ಬಂದಾಗ ಆ ಹಣ ಬಾಡಿಗೆ, ವಿದ್ಯುತ್ ಬಿಲ್ಲುಗಳಲ್ಲಿ ಕರಗಿಹೋಗುತ್ತದೆಯೋ ಅಥವಾ ನಿಂತ ವಹಿವಾಟನ್ನು ಮತ್ತೆ ಎಬ್ಬಿಸುತ್ತದೆಯೋ ಎಂದು ಯೋಚಿಸಿ. ಬರೀ ಕರಗುವುದಾದರೆ, ಸಾಲಕ್ಕಿಂತ ಬಾಡಿಗೆಯವರೊಂದಿಗೆ ಮಾತುಕತೆಗೆ ಕೂರುವುದು ಒಳ್ಳೆಯದು. ಮನ್ನಾದ ಷರತ್ತಿರುವ ಯಾವುದೇ ನೆರವಿಗೆ, ಹಣ ಬಂದ ದಿನದಿಂದಲೇ ಪ್ರತ್ಯೇಕ ಖಾತೆ, ಪ್ರತಿ ಖರ್ಚಿಗೂ ರಸೀದಿ ಇರಲಿ.

ಉದ್ಯಮದ ನೋಂದಣಿ, ತೆರಿಗೆ ವಿವರ, ವ್ಯವಹಾರಕ್ಕೆಂದೇ ಇರುವ ಬ್ಯಾಂಕ್ ಖಾತೆ, ಆಧಾರ್ ಜೋಡಣೆ ಇವನ್ನು ಶಾಂತಿಯ ಕಾಲದಲ್ಲೇ ಸರಿಪಡಿಸಿಟ್ಟುಕೊಳ್ಳಿ. ಸಂಕಟ ಬಂದ ವಾರದಲ್ಲಿ ಎಲ್ಲರೂ ಅದೇ ಜಾಲತಾಣಕ್ಕೆ ಮುಗಿಬೀಳುತ್ತಾರೆ. ಹಾಗೆಯೇ ನೀವು ಪತ್ರದಲ್ಲಿ ಬರೆದ ಆ ಆರು ಮಂದಿ. 2020ರ ಪ್ಯಾಕೇಜಿನಲ್ಲಿ ನೂರಕ್ಕಿಂತ ಹೆಚ್ಚಿಲ್ಲದ ನೌಕರರಿದ್ದು, ಅವರಲ್ಲಿ ಶೇ 90ರಷ್ಟು ಮಂದಿಗೆ ತಿಂಗಳಿಗೆ 15,000 ರೂಪಾಯಿಗಿಂತ ಕಡಿಮೆ ವೇತನವಿದ್ದ ಸಂಸ್ಥೆಗಳಲ್ಲಿ, ಅಂಥ ನೌಕರರ ಭವಿಷ್ಯನಿಧಿಗೆ ಮಾಲೀಕ ಮತ್ತು ನೌಕರ ಇಬ್ಬರ ಪಾಲನ್ನೂ, ಒಟ್ಟು ವೇತನದ ಶೇ 24ನ್ನು, ಸರ್ಕಾರವೇ ಕೆಲವು ತಿಂಗಳು ಕಟ್ಟಿತು. ಭವಿಷ್ಯನಿಧಿಯ ಖಾತೆಯೇ ಇಲ್ಲದ ನೌಕರನಿಗೆ ಅದು ಸಿಗಲಿಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಉದ್ಯಮಕ್ಕೆ ಭವಿಷ್ಯನಿಧಿ ಸಾಮಾನ್ಯವಾಗಿ ಕಡ್ಡಾಯವಲ್ಲ, ಆದರೆ ಮಾಲೀಕರೂ ನೌಕರರೂ ಒಪ್ಪಿದರೆ ಸ್ವಇಚ್ಛೆಯಿಂದ ಸೇರಲು ಕಾನೂನಿನಲ್ಲಿ ಅವಕಾಶವಿದೆ. ಅದರ ಮಾಸಿಕ ಖರ್ಚು ನಿಮಗೆ ಭಾರವಾಗುತ್ತದೆ ಎಂಬುದನ್ನು ಬಲ್ಲೆ. ಕನಿಷ್ಠ ಅವರ ವೇತನವನ್ನಾದರೂ ನಗದಾಗಿ ಕೊಡುವ ಬದಲು ಬ್ಯಾಂಕ್ ಖಾತೆಗೆ ಹಾಕಿ, ಹಾಜರಿ ಪುಸ್ತಕದಲ್ಲಿ ಆರೂ ಹೆಸರು ಬರೆದಿಡಿ.